ಹೃದಯದ ಕವಾಟದ ಕಾಯಿಲೆ: ಏದುಸಿರನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುವ ಮುನ್ನ

ಬೃಹನ್ಮುಂಬಯಿ ಮತ್ತು ಉಪನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಹೃದ್ರೋಗದ ಮಾತು ಬಂದಾಗ ಹೃದಯಾಘಾತವೇ ಮೊದಲು ನೆನಪಾಗುತ್ತದೆ. ಬ್ಲಾಕೇಜ್, ಆಂಜಿಯೋಗ್ರಫಿ, ಸ್ಟೆಂಟ್, ಬೈಪಾಸ್ ಮುಂತಾದ ಪದಗಳು ಈಗ ಅಡುಗೆಮನೆಯ ಮಾತುಕತೆಯಲ್ಲಿಯೂ ಸಲೀಸಾಗಿ ಓಡಾಡುತ್ತವೆ. ಆದರೆ ರಕ್ತನಾಳಗಳು ಶುದ್ಧವಾಗಿದ್ದೂ ಹೃದಯ ಸೋಲಬಹುದು, ಇ.ಸಿ.ಜಿ. ಸರಿಯಾಗಿದ್ದೂ ಕಾಯಿಲೆ ಒಳಗೊಳಗೆ ಬೆಳೆಯುತ್ತಿರಬಹುದು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಹೃದಯದ ಕವಾಟಗಳ ಕಾಯಿಲೆ ಅಂತಹದು. ಇದು ಬಹುಮಟ್ಟಿಗೆ ಸದ್ದಿಲ್ಲದೆ ಬರುವ, ಆದರೆ ಸಕಾಲದಲ್ಲಿ ಗುರುತಿಸಿದರೆ ಚೆನ್ನಾಗಿ ಚಿಕಿತ್ಸೆ ನೀಡಬಹುದಾದ ಕಾಯಿಲೆ. ಈ ಕುರಿತು ಓದುಗ ಬಾಂಧವರಿಗೆ ಒಂದಿಷ್ಟು ವಿವರವಾಗಿ ತಿಳಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಹೃದಯಕ್ಕೆ ನಾಲ್ಕು ಕೋಣೆಗಳು, ನಾಲ್ಕು ಕವಾಟಗಳು. ಎಡಭಾಗದಲ್ಲಿ ಮೈಟ್ರಲ್ ಮತ್ತು ಅಯೋರ್ಟಿಕ್, ಬಲಭಾಗದಲ್ಲಿ ಟ್ರೈಕಸ್ಪಿಡ್ ಮತ್ತು ಪಲ್ಮನರಿ. ರಕ್ತವನ್ನು ಮುಂದಕ್ಕೆ ಬಿಡುವುದು, ಹಿಂದಕ್ಕೆ ಬರಗೊಡದಿರುವುದು ಇವುಗಳ ಕೆಲಸ. ಹೃದಯವು ದಿನವೊಂದಕ್ಕೆ ಸುಮಾರು 1 ಲಕ್ಷ ಸಲ ಬಡಿಯುವುದರಿಂದ ಪ್ರತಿಯೊಂದು ಕವಾಟವೂ ಅಷ್ಟೇ ಸಲ ತೆರೆದು ಮುಚ್ಚಿಕೊಳ್ಳುತ್ತದೆ. ಇವುಗಳಲ್ಲಿ ತಲೆದೋರುವ ದೋಷಗಳು ಮುಖ್ಯವಾಗಿ ಎರಡು ಬಗೆಯವು. ಕವಾಟ ಪೂರ್ತಿ ತೆರೆಯದೆ ದಾರಿ ಕಿರಿದಾಗುವುದು ಒಂದು. ಪೂರ್ತಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುವುದು ಇನ್ನೊಂದು. ಕೆಲವರಲ್ಲಿ ಎರಡೂ ಇರುತ್ತವೆ. ಬೆಳಗಿನ ದಟ್ಟಣೆಯ ವೇಳೆ ಎ.ಸಿ. ಲೋಕಲ್ ಗಾಡಿಯ ಬಾಗಿಲು ಅರ್ಧಕ್ಕೆ ನಿಂತುಬಿಟ್ಟರೆ ಪ್ಲಾಟ್‌ಫಾರ್ಮಿನಲ್ಲಿ ಏನಾದೀತೆಂಬುದನ್ನು ಮುಂಬಯಿವಾಸಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನವರ ಒತ್ತಡ ಹೆಚ್ಚುತ್ತದೆ, ಒಳಹೋಗುವವರ ಸಂಖ್ಯೆ ಕುಗ್ಗುತ್ತದೆ. ಆರೋಗ್ಯವಂತರ ಮೈಟ್ರಲ್ ಕವಾಟದ ದ್ವಾರ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ಅದು ಒಂದೂವರೆ ಚದರ ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಾದಾಗ ವೈದ್ಯರು ಕಾಯಿಲೆಯನ್ನು ತೀವ್ರವೆಂದು ಪರಿಗಣಿಸುತ್ತಾರೆ. ದಾರಿ ಕಿರಿದಾದಾಗ ರಕ್ತ ಶ್ವಾಸಕೋಶದಲ್ಲಿ ತಂಗುತ್ತದೆ. ಏದುಸಿರು ಬರುವುದು ಇದರಿಂದಲೇ.

ಇಷ್ಟು ಕಿರಿದಾಗುವವರೆಗೂ ರೋಗಿಗೆ ತಿಳಿಯುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಬಹುತೇಕ ತಿಳಿಯುವುದಿಲ್ಲ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ ಹೃದಯ ಬಹಳ ಸಹನಶೀಲವಾದ ಅಂಗ. ಕವಾಟ ಕಿರಿದಾದರೆ ತನ್ನ ಸ್ನಾಯುವನ್ನು ದಪ್ಪಗೊಳಿಸಿಕೊಂಡು ಹೆಚ್ಚು ಬಲ ಹಾಕುತ್ತದೆ. ಸೋರಿಕೆಯಿದ್ದರೆ ಕೋಣೆಯನ್ನು ಹಿಗ್ಗಿಸಿಕೊಂಡು ಹೆಚ್ಚು ರಕ್ತವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಹತ್ತಾರು ವರ್ಷ ನಡೆಯಬಹುದು. ಎರಡನೆಯ ಕಾರಣ ಹೃದಯದ್ದಲ್ಲ, ಮನುಷ್ಯನದು. ಆಯಾಸವಾಗುವ ಕೆಲಸವನ್ನು ಆತ ತನಗರಿವಿಲ್ಲದೆ ಬಿಡುತ್ತಾ ಬರುತ್ತಾನೆ. ಡೊಂಬಿವಲಿಯಲ್ಲೋ ಕುರ್ಲಾದಲ್ಲೋ ರೈಲ್ವೆ ಸೇತುವೆಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಿದ್ದವರು ನಡುವೆ ನಿಂತು ಮೊಬೈಲ್ ನೋಡುವ ನೆಪ ಮಾಡುತ್ತಾರೆ. ಅನಂತರ ಎಸ್ಕಲೇಟರ್ ಇರುವ ಕಡೆಯಿಂದಲೇ ಇಳಿಯತೊಡಗುತ್ತಾರೆ. ಮಾರುಕಟ್ಟೆಗೆ ನಡೆದು ಹೋಗುತ್ತಿದ್ದವರು ರಿಕ್ಷಾ ಹಿಡಿಯುತ್ತಾರೆ. ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರನೆಯ ಮಾಳಿಗೆಯಲ್ಲಿರುವ ತಾಯಂದಿರು ದಿನಕ್ಕೆರಡು ಬಾರಿ ಕೆಳಗಿಳಿಯುತ್ತಿದ್ದವರು ವಾರಕ್ಕೊಮ್ಮೆ ಇಳಿಯುತ್ತಾರೆ. ಆಗ ಯಾರಾದರೂ ವಿಚಾರಿಸಿದರೆ 'ನನಗೇನೂ ತೊಂದರೆಯಿಲ್ಲ' ಎಂಬ ಉತ್ತರ ಬರುತ್ತದೆ, ಮತ್ತು ಆ ಉತ್ತರ ಸುಳ್ಳಲ್ಲ. ತೊಂದರೆ ಕೊಡುವ ಕೆಲಸವನ್ನೇ ಅವರು ಬಿಟ್ಟುಬಿಟ್ಟಿರುತ್ತಾರಷ್ಟೆ.

ಆದುದರಿಂದ ಮನೆಯ ಹಿರಿಯರನ್ನು 'ಉಸಿರಾಟದ ತೊಂದರೆ ಇದೆಯೇ' ಎಂದು ಕೇಳುವುದಕ್ಕಿಂತ 'ಕಳೆದ ಚೌತಿಯ ಹೊತ್ತಿಗೆ ಮಾಡುತ್ತಿದ್ದ ಯಾವ ಕೆಲಸವನ್ನು ಈ ಚೌತಿಗೆ ಬಿಟ್ಟಿದ್ದೀರಿ' ಎಂದು ಕೇಳುವುದು ಹೆಚ್ಚು ಪ್ರಯೋಜನಕಾರಿ ಎಂಬುದು ನಮ್ಮ ಅಭಿಪ್ರಾಯ. ಮಲಗುವಾಗ ಒಂದು ದಿಂಬಿನ ಬದಲು ಎರಡು ಬೇಕಾಗುವುದು, ನಡುರಾತ್ರಿ ಉಸಿರುಗಟ್ಟಿ ಎದ್ದು ಕುಳಿತುಕೊಳ್ಳುವುದು, ಸಂಜೆಯ ಹೊತ್ತಿಗೆ ಪಾದ ಊದಿಕೊಳ್ಳುವುದು, ಎದೆ ಡವಡವ ಎನ್ನುವುದು, ಶ್ರಮಪಟ್ಟಾಗ ಕಣ್ಣು ಕತ್ತಲಿಡುವುದು, ಇವೆಲ್ಲವೂ ಕವಾಟದ ಕಾಯಿಲೆಯ ಸೂಚನೆಗಳಾಗಿರಬಹುದು. ಮೈಟ್ರಲ್ ಕವಾಟ ಕಿರಿದಾದವರಲ್ಲಿ ಕೆಮ್ಮಿನೊಡನೆ ರಕ್ತ ಬಿದ್ದು, ಅದನ್ನು ಕ್ಷಯವೆಂದು ಶಂಕಿಸುವುದೂ ಉಂಟು. ಅಸ್ತಮಾ, ಆಸಿಡಿಟಿ, ಬೊಜ್ಜು, ನಗರದ ಹೊಗೆ, ಕೊನೆಗೆ ಮುಪ್ಪು ಹೀಗೆ ಏದುಸಿರಿಗೆ ಕಾರಣ ಹೇಳಲು ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ. ಅವು ಕೆಲವೊಮ್ಮೆ ನಿಜವೂ ಆಗಿರುತ್ತವೆ. ಆದರೆ ಎದೆಯ ಸದ್ದನ್ನು ವೈದ್ಯರು ಒಮ್ಮೆ ಆಲಿಸಿದ ಮೇಲೆ ಆ ನಿರ್ಧಾರಕ್ಕೆ ಬರುವುದು ಕ್ಷೇಮ.

ನಮ್ಮ ದೇಶದಲ್ಲಿ ಎಳೆಯ ವಯಸ್ಸಿನವರ ಕವಾಟಗಳು ಕೆಡಲು ಬಹುದೊಡ್ಡ ಕಾರಣ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲು ನೋವು ಬಂದು ವಾಸಿಯಾದ ಎರಡು ಮೂರು ವಾರಗಳ ನಂತರ ಮಗುವಿಗೆ ಮತ್ತೆ ಜ್ವರ ಬರುತ್ತದೆ. ಮೊಣಕಾಲು ಊದಿಕೊಂಡು, ಅದು ಇಳಿಯುವಷ್ಟರಲ್ಲಿ ಹರಡಿನ ಗಂಟು ಅಥವಾ ಮೊಣಕೈ ನೋಯತೊಡಗುತ್ತದೆ. ರೋಗಾಣುವಿನ ವಿರುದ್ಧ ಹೋರಾಡಲು ದೇಹ ಸಿದ್ಧಪಡಿಸಿದ ಶಕ್ತಿಯೇ ದಾರಿತಪ್ಪಿ ತನ್ನದೇ ಹೃದಯದ ಕವಾಟವನ್ನು ಘಾಸಿಗೊಳಿಸುತ್ತದೆ. ಕೀಲು ನೋವು ಕೆಲವೇ ವಾರಗಳಲ್ಲಿ ಗುರುತಿಲ್ಲದೆ ಮಾಯವಾಗುವುದರಿಂದ ಮನೆಯವರು ಮರೆತುಬಿಡುತ್ತಾರೆ. ಈ ಜ್ವರವು ಕೀಲುಗಳನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂಬ ಹಳೆಯ ಮಾತು ವೈದ್ಯಲೋಕದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಇಲ್ಲಿ ನಮ್ಮ ಸಮುದಾಯದ ಇತಿಹಾಸವೂ ತುಸು ನೆನಪಾಗದೆ ಇರದು. ರುಮ್ಯಾಟಿಕ್ ಜ್ವರ ಇಕ್ಕಟ್ಟಿನ ವಾಸದ ಕಾಯಿಲೆ. ಒಂದೇ ಕೋಣೆಯಲ್ಲಿ ಹಲವರು ಮೈಗೆ ಮೈ ತಾಗಿಸಿ ಮಲಗುವಲ್ಲಿ ಗಂಟಲಿನ ರೋಗಾಣು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಅವಿಭಜಿತ ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡರ ಪ್ರಾಯದಲ್ಲೇ ಮುಂಬಯಿಗೆ ಬಂದು, ಹಗಲು ಹೋಟೇಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು, ರಾತ್ರಿ ಅದೇ ಹೋಟೇಲಿನ ಮೇಜುಗಳ ಮೇಲೆ ಅಥವಾ ಚಾಳಿನ ಖೋಲಿಯಲ್ಲಿ ಹತ್ತಾರು ಮಂದಿಯ ನಡುವೆ ಮಲಗಿ ಬೆಳೆದವರ ಪೀಳಿಗೆಯೊಂದು ನಮ್ಮಲ್ಲಿದೆ. ಅವರಲ್ಲಿ ಅನೇಕರು ಇಂದು ಮೊಮ್ಮಕ್ಕಳನ್ನು ಕಂಡ ಹಿರಿಯರು. ಬಾಲ್ಯದ ಗಂಟಲು ನೋವು, ಕೀಲು ನೋವು ಅಂದಿನ ಬದುಕಿನ ಹೋರಾಟದಲ್ಲಿ ಯಾರ ಗಮನಕ್ಕೂ ಬಂದಿರಲಾರದು. ಅಂತಹವರು ವೈದ್ಯರ ಬಳಿ ಹೋದಾಗ ಈ ಹಿನ್ನೆಲೆಯನ್ನೂ ತಿಳಿಸುವುದೊಳಿತು. ಪಾಶ್ಚಾತ್ಯ ದೇಶಗಳಲ್ಲಿ ಪೆನಿಸಿಲಿನ್ ಬರುವ ಮೊದಲೇ, ಜನರ ವಾಸದ ಮನೆಗಳು ಸುಧಾರಿಸಿದಂತೆ, ಈ ಜ್ವರ ಇಳಿಮುಖವಾಗತೊಡಗಿತ್ತು ಎಂಬುದು ಇಲ್ಲಿ ಗಮನಾರ್ಹ. ಕಾಯಿಲೆ ನಮ್ಮ ನಗರದಿಂದ ಇನ್ನೂ ತೊಲಗಿಲ್ಲ. ನಮ್ಮ ಮನೆಗೆಲಸಕ್ಕೆ ಬರುವವರ, ನಮ್ಮ ಹೋಟೇಲುಗಳಲ್ಲಿ ದುಡಿಯುವವರ ಮಕ್ಕಳು ಇಂದಿಗೂ ಅಂತಹ ಇಕ್ಕಟ್ಟಿನಲ್ಲೇ ಬೆಳೆಯುತ್ತಿದ್ದಾರೆ.

ಈ ಜ್ವರ ಒಮ್ಮೆ ಬಂದ ಮಗುವಿಗೆ ಮತ್ತೆ ಮತ್ತೆ ಬರುವ ಸಾಧ್ಯತೆ ಹೆಚ್ಚು, ಮತ್ತು ಪ್ರತಿ ಸಲವೂ ಕವಾಟ ಮತ್ತಷ್ಟು ಕೆಡುತ್ತದೆ. ಇದನ್ನು ತಡೆಯಲು ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಬೆಂಜಥೈನ್ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಾನುಗಟ್ಟಲೆ ಕೊಡಲಾಗುತ್ತದೆ. ಅಗ್ಗದ, ಹಳೆಯ ಔಷಧವಿದು. ಕಾಯಿಲೆಯನ್ನು ಎಷ್ಟು ಬೇಗ ಕಂಡುಹಿಡಿದರೆ ಇದರಿಂದ ಪ್ರಯೋಜನವಾದೀತೆಂಬ ಬಗ್ಗೆ ಬಹುಕಾಲ ಸಂದೇಹವಿತ್ತು. ಆಫ್ರಿಕಾದ ಉಗಾಂಡಾದಲ್ಲಿ 818 ಮಕ್ಕಳ ಮೇಲೆ ನಡೆದು 2022ರಲ್ಲಿ ಮುದ್ರಿತವಾದ ಅಧ್ಯಯನವೊಂದು ಅದಕ್ಕೆ ಉತ್ತರ ನೀಡಿತು. ಆ ಮಕ್ಕಳಿಗೆ ಯಾವುದೇ ತೊಂದರೆ ಇರಲಿಲ್ಲ. ಎಕೋ ಪರೀಕ್ಷೆಯಲ್ಲಷ್ಟೇ ಕವಾಟದ ಆರಂಭಿಕ ಬದಲಾವಣೆ ಕಂಡುಬಂದಿತ್ತು. ಎರಡು ವರ್ಷಗಳ ಬಳಿಕ ನೋಡಿದಾಗ, ಚುಚ್ಚುಮದ್ದು ಪಡೆದವರಲ್ಲಿ ಕಾಯಿಲೆ ಮುಂದುವರಿದದ್ದು ಶೇ. 0.8 ಮಕ್ಕಳಲ್ಲಿ, ಪಡೆಯದವರಲ್ಲಿ ಶೇ. 8.2 ಮಕ್ಕಳಲ್ಲಿ. ನಮ್ಮ ದೇಶದಲ್ಲಿಯೂ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ ಮಾಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗ ಸೇರಿದೆ. ಹಾಗೆಂದು ಗಂಟಲು ಕೆರೆದಾಗಲೆಲ್ಲ ಆಂಟಿಬಯೋಟಿಕ್ ನುಂಗಿಸುವುದು ಸಲ್ಲದು. ಮಕ್ಕಳ ಗಂಟಲು ನೋವಿನಲ್ಲಿ ಹೆಚ್ಚಿನವು ವೈರಾಣುವಿನವು. ಆದರೆ ವೈದ್ಯರು ಹತ್ತು ದಿನಕ್ಕೆಂದು ಬರೆದುಕೊಟ್ಟ ಮಾತ್ರೆಯನ್ನು ಮೂರನೆಯ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ವ್ಯಾಪಕವಾಗಿದೆ. ಅದನ್ನು ಬಿಡಬೇಕು.

ಮೈಟ್ರಲ್ ಕವಾಟ ಕಿರಿದಾಗುವ ಕಾಯಿಲೆ ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಅನೇಕರಲ್ಲಿ ಅದು ಮೊದಲ ಬಾರಿಗೆ ಬಯಲಾಗುವುದು ಗರ್ಭಿಣಿಯಾದಾಗ. ಗರ್ಭಾವಸ್ಥೆಯಲ್ಲಿ ದೇಹದ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಏರುತ್ತದೆ. ಕಿರಿದಾದ ದಾರಿಯಲ್ಲಿ ಇಷ್ಟೊಂದು ರಕ್ತ ಹಾಯಬೇಕಾದಾಗ, ಸುಮಾರು ಸೀಮಂತದ ಹೊತ್ತಿಗೆ, ಅದುವರೆಗೆ ಆರೋಗ್ಯವಾಗಿದ್ದ ಹೆಣ್ಣುಮಗಳಿಗೆ ಉಸಿರು ಸಾಲದಾಗುತ್ತದೆ. ಗರ್ಭಿಣಿಗೆ ಏದುಸಿರು ಸಹಜವೆಂಬ ಹಿರಿಯರ ಮಾತು ಇಲ್ಲಿ ಅಪಾಯಕಾರಿಯಾಗಬಲ್ಲದು. ಚಪ್ಪಟೆಯಾಗಿ ಮಲಗಲಾಗದಷ್ಟು ಉಸಿರಾಟದ ಕಷ್ಟ ಸಹಜವಲ್ಲ. ಬಾಲ್ಯದಲ್ಲಿ ಕೀಲು ಊದಿದ ಜ್ವರ ಬಂದ ನೆನಪಿರುವವರು ವಿವಾಹದ ಮುನ್ನವೋ ಮಗುವಿನ ಯೋಚನೆ ಮಾಡುವ ಮುನ್ನವೋ ಒಮ್ಮೆ ಎಕೋ ಮಾಡಿಸಿಕೊಳ್ಳುವುದು ಲೇಸು. ಇದನ್ನು ಸೊಸೆಯ ಕುಂದೆಂದು ಕಾಣುವ ಮನೆಗಳು ಇಲ್ಲವಾಗಿಲ್ಲ. ಮುಚ್ಚಿಡುವುದಕ್ಕೆ ಅದೂ ಒಂದು ಕಾರಣ.

ವಯೋವೃದ್ಧರಲ್ಲಿ ಚಿತ್ರ ಬೇರೆ. ಅಲ್ಲಿ ಕೆಡುವುದು ಹೆಚ್ಚಾಗಿ ಅಯೋರ್ಟಿಕ್ ಕವಾಟ. ದಶಕಗಳ ಬಳಕೆಯಿಂದ ಸವೆದ ಕವಾಟದ ಎಸಳುಗಳಲ್ಲಿ ಸುಣ್ಣದ ಅಂಶ ಸೇರಿ ಅವು ಬಿಗಿಯಾಗುತ್ತವೆ. ನೂರರಲ್ಲಿ ಒಬ್ಬಿಬ್ಬರಿಗೆ ಹುಟ್ಟಿನಿಂದಲೇ ಈ ಕವಾಟಕ್ಕೆ ಮೂರರ ಬದಲು ಎರಡೇ ಎಸಳುಗಳಿದ್ದು, ಅಂತಹವರಲ್ಲಿ ಕಾಯಿಲೆ ಹತ್ತಿಪ್ಪತ್ತು ವರ್ಷ ಮುಂಚಿತವಾಗಿ ಕಾಣಿಸಿಕೊಳ್ಳುತ್ತದೆ. ಇದು ಕುಟುಂಬಗಳಲ್ಲಿ ಹರಿದುಬರುವ ಸಾಧ್ಯತೆಯಿರುವುದರಿಂದ, ಒಬ್ಬರಲ್ಲಿ ಕಂಡರೆ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷಿಸಿಕೊಳ್ಳಬೇಕು. ಅಯೋರ್ಟಿಕ್ ಕವಾಟ ತೀವ್ರವಾಗಿ ಕಿರಿದಾದವರಲ್ಲಿ ಎದೆನೋವು, ತಲೆತಿರುಗಿ ಬೀಳುವುದು, ಏದುಸಿರು, ಈ ಮೂರರಲ್ಲಿ ಯಾವುದೇ ಒಂದು ಕಾಣಿಸಿಕೊಂಡ ಮೇಲೆ ಚಿಕಿತ್ಸೆಯಿಲ್ಲದೆ ಉಳಿಯುವ ಆಯುಷ್ಯ ಸರಾಸರಿ ಎರಡರಿಂದ ಐದು ವರ್ಷಗಳೆಂದು 1968ರಷ್ಟು ಹಿಂದೆಯೇ ವೈದ್ಯರು ದಾಖಲಿಸಿದ್ದರು. ಅನೇಕ ಕ್ಯಾನ್ಸರ್‌ಗಳಿಗಿಂತಲೂ ಇದು ಕಠೋರ. ಆದುದರಿಂದ ಹಿರಿಯರು ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟು ಕುಸಿದರೆ, ಪಿತ್ತವೆಂದು ನಿಂಬೆಹಣ್ಣಿನ ಪಾನಕ ಕೊಟ್ಟು ಸುಮ್ಮನಾಗಬಾರದು.

ಇತ್ತೀಚೆಗೆ ಈ ವಿಚಾರದಲ್ಲಿ ವೈದ್ಯರ ಚಿಂತನೆಯೂ ಮುಂದಕ್ಕೆ ಸಾಗಿದೆ. ತೀವ್ರವಾಗಿ ಕಿರಿದಾಗಿದ್ದರೂ ತೊಂದರೆ ಕಾಣದವರನ್ನು ಕಾದು ನೋಡುವುದು ರೂಢಿಯಾಗಿತ್ತು. ಅಂತಹ 901 ಹಿರಿಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾದು ನೋಡಿದವರಿಗಿಂತ ಮೊದಲೇ ಕವಾಟ ಬದಲಿಸಿಕೊಂಡವರಲ್ಲಿ ಸಾವು, ಪಾರ್ಶ್ವವಾಯು, ಆಕಸ್ಮಿಕ ಆಸ್ಪತ್ರೆವಾಸ ಇವೆಲ್ಲ ಸೇರಿದ ಪ್ರಮಾಣ ಕಡಿಮೆಯಿತ್ತು. ಮುಖ್ಯವಾಗಿ ಆಸ್ಪತ್ರೆವಾಸ ಕಡಿಮೆಯಾಯಿತೆನ್ನಬೇಕು. ಯಾರಿಗೆ ಯಾವಾಗ ಎಂಬ ನಿರ್ಧಾರ ತಜ್ಞರದು. ಆದರೆ ಆ ನಿರ್ಧಾರಕ್ಕೆ ಅವಕಾಶವಿರುವುದು ಕಾಯಿಲೆ ಇದೆಯೆಂದು ಗೊತ್ತಾದವರಿಗೆ ಮಾತ್ರ.

ಗೊತ್ತುಮಾಡಿಕೊಳ್ಳುವ ಬಗೆ ಸರಳ. ಫ್ರಾನ್ಸಿನ ಲೆನೆಕ್ 1816ರಲ್ಲಿ ಕಂಡುಹಿಡಿದ ಸ್ಟೆತಾಸ್ಕೋಪ್ ಇಂದಿಗೂ ಮೊದಲ ಸಾಧನ. ಕಿರಿದಾದ ಅಥವಾ ಸೋರುವ ಕವಾಟದ ಮೂಲಕ ರಕ್ತ ಹರಿಯುವಾಗ ಮರ್ಮರ ಧ್ವನಿಯೊಂದು ಹೊರಡುತ್ತದೆ. ಅದನ್ನು ಕೇಳಿದ ವೈದ್ಯರು ಟೂ ಡಿ ಎಕೋ ಪರೀಕ್ಷೆಗೆ ಬರೆದುಕೊಡುತ್ತಾರೆ. ಇದರಲ್ಲಿ ಸೂಜಿಯಿಲ್ಲ, ವಿಕಿರಣವಿಲ್ಲ. ಶಬ್ದದ ಅಲೆಗಳಿಂದ ಕವಾಟ ತೆರೆದು ಮುಚ್ಚುವುದನ್ನು ಪರದೆಯ ಮೇಲೆ ಕಾಣಬಹುದು. 1953ರಲ್ಲಿ ಸ್ವೀಡನ್ನಿನ ವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಸ್ ಇದನ್ನು ಆರಂಭಿಸಿದ್ದು ಹಡಗುಕಟ್ಟೆಯೊಂದರಲ್ಲಿ ಲೋಹದ ಬಿರುಕು ಹುಡುಕಲು ಬಳಸುತ್ತಿದ್ದ ಯಂತ್ರದ ನೆರವಿನಿಂದ. ಎಡ್ಲರ್ ಅವರ ಅಂದಿನ ಉದ್ದೇಶವೂ ಮೈಟ್ರಲ್ ಕವಾಟದ ಸ್ಥಿತಿಯನ್ನು ಅರಿಯುವುದೇ ಆಗಿತ್ತು.

ಇಲ್ಲಿ ನಮ್ಮದೊಂದು ಸವಿನಯ ಆಕ್ಷೇಪವಿದೆ. 'ಫುಲ್ ಬಾಡಿ ಚೆಕಪ್' ಎಂಬ ಹೆಸರಿನ ಪ್ಯಾಕೇಜುಗಳಲ್ಲಿ ರಕ್ತದ ಹತ್ತಾರು ಪರೀಕ್ಷೆಗಳಿರುತ್ತವೆ, ಇ.ಸಿ.ಜಿ. ಇರುತ್ತದೆ, ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಡುವ ಎರಡು ನಿಮಿಷ ಎಷ್ಟೋ ಬಾರಿ ಇರುವುದಿಲ್ಲ. ತೀವ್ರವಾಗಿ ಕಿರಿದಾದ ಅಯೋರ್ಟಿಕ್ ಕವಾಟದಿಂದ ತೊಂದರೆ ಅನುಭವಿಸುತ್ತಿರುವವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸುವುದು ಅಪಾಯವೆಂಬುದನ್ನು ನೆನೆದರೆ ಆ ಎರಡು ನಿಮಿಷದ ಬೆಲೆ ತಿಳಿದೀತು. ನಮ್ಮ ಸಂಘ-ಸಂಸ್ಥೆಗಳು ನಡೆಸುವ ಉಚಿತ ವೈದ್ಯಕೀಯ ಶಿಬಿರಗಳೂ ಸ್ತುತ್ಯರ್ಹವೇ. ಆದರೆ ಸಭಾಗೃಹದ ಒಂದು ತುದಿಯಲ್ಲಿ ರಕ್ತದೊತ್ತಡ, ಸಕ್ಕರೆಯ ತಪಾಸಣೆ ನಡೆಯುತ್ತಿರುವಾಗ ಇನ್ನೊಂದು ತುದಿಯಲ್ಲಿ ಧ್ವನಿವರ್ಧಕದ ಮೂಲಕ ಗಣ್ಯರ ಸ್ವಾಗತ, ಶಾಲು ಹಾರ ನಡೆಯುತ್ತಿದ್ದರೆ ಯಾವ ವೈದ್ಯರಿಗೂ ಮರ್ಮರ ಕೇಳಿಸದು. ಬಾಗಿಲು ಮುಚ್ಚಿದ ಒಂದು ನಿಶ್ಶಬ್ದ ಕೋಣೆ, ಒಬ್ಬ ವೈದ್ಯರು, 60 ದಾಟಿದವರಿಗೂ ಶಾಲಾ ಮಕ್ಕಳಿಗೂ ಪ್ರತ್ಯೇಕ ಸರತಿ, ಇಷ್ಟನ್ನು ಸಂಘಟಕರು ಮುಂದಿನ ಶಿಬಿರದಲ್ಲಿ ಏರ್ಪಡಿಸಬಹುದಲ್ಲವೇ?

ಬೇಗ ಕಂಡುಹಿಡಿದರೆ ಚಿಕಿತ್ಸೆಯ ಆಯ್ಕೆಗಳೂ ಹೆಚ್ಚು, ಭಾರವೂ ಕಡಿಮೆ. ಮೈಟ್ರಲ್ ಕವಾಟದ ಎಸಳುಗಳು ಇನ್ನೂ ಮೃದುವಾಗಿರುವಾಗಲಾದರೆ ಎದೆಯನ್ನು ತೆರೆಯದೆ, ತೊಡೆಯ ರಕ್ತನಾಳದ ಮೂಲಕ ಬಲೂನನ್ನು ಒಯ್ದು ದಾರಿ ಅಗಲಿಸಬಹುದು. ಜಪಾನಿನ ಇನೌಯೆ ರೂಪಿಸಿದ ಈ ವಿಧಾನದ ಮೊದಲ ವರದಿ 1984ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಯಲ್ಲಿ ಬಹುದೊಡ್ಡ ಹೆಸರು. ಎಸಳುಗಳಲ್ಲಿ ಸುಣ್ಣ ಗಟ್ಟಿಯಾದ ಮೇಲೆ ಈ ಸುಲಭೋಪಾಯ ನಡೆಯದು, ಶಸ್ತ್ರಚಿಕಿತ್ಸೆಯೇ ಬೇಕು. ಸೋರುವ ಕವಾಟದ ವಿಷಯದಲ್ಲೂ ಹೀಗೆಯೇ. ಹೃದಯದ ಸ್ನಾಯು ದುರ್ಬಲವಾಗುವ ಮೊದಲು ಕವಾಟವನ್ನು ದುರಸ್ತಿ ಮಾಡಿದರೆ ಸ್ನಾಯು ಚೇತರಿಸಿಕೊಳ್ಳುತ್ತದೆ. ತಡವಾದರೆ ಕವಾಟ ಸರಿಹೋದರೂ ಸೋತ ಸ್ನಾಯು ಪೂರ್ತಿಯಾಗಿ ಮರಳದು.

ಕೃತಕ ಕವಾಟದ ಕಥೆಯಲ್ಲಿ ಕರಾವಳಿಯ ನಂಟೊಂದಿದೆ. ವಿದೇಶೀ ಕವಾಟಗಳ ಬೆಲೆ ನಮ್ಮ ರೋಗಿಗಳಿಗೆ ಎಟುಕದಿದ್ದ ಕಾಲದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ತಂಡ ದೇಶೀಯ ಕವಾಟವೊಂದನ್ನು ರೂಪಿಸಲು ಹೊರಟಿತು. ಮೊದಲ ಮಾದರಿಗಳು ಒಂದೊಂದಾಗಿ ವಿಫಲವಾದವು. ನಾಲ್ಕನೆಯದು ಗೆದ್ದಿತು, 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಆ ಬಳಿಕ ಚಿತ್ರಾ ಕವಾಟ 1 ಲಕ್ಷಕ್ಕೂ ಹೆಚ್ಚು ಮಂದಿಯ ಎದೆಯಲ್ಲಿ ನೆಲೆಗೊಂಡಿದೆ. ಇದೇ ವಲಿಯತ್ತಾನ್ ಅನಂತರ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ಬಂದು, ಮಣಿಪಾಲವನ್ನೇ ಮನೆಯಾಗಿಸಿಕೊಂಡು, 2024ರ ಜುಲೈಯಲ್ಲಿ ಅಲ್ಲಿಯೇ ನಿಧನರಾದರು. ಇಂದು ಎದೆಯನ್ನು ತೆರೆಯದೆ ತೊಡೆಯ ಮೂಲಕ ಅಯೋರ್ಟಿಕ್ ಕವಾಟ ಬದಲಿಸುವ ವಿಧಾನವೂ ಇದೆ. 2002ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೆ ಅದನ್ನು ಮೊದಲು ನೆರವೇರಿಸಿದರು. ನಮ್ಮ ನಗರದ ಆಸ್ಪತ್ರೆಗಳಲ್ಲೂ ಅದು ಲಭ್ಯ, ಆದರೆ ಖರ್ಚು ಬಹಳ. ಪರೇಲಿನ ಕೆ.ಇ.ಎಂ., ಸಾಯನ್ನಿನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲಿನ ನಾಯರ್ ಮುಂತಾದ ಪಾಲಿಕೆಯ ಆಸ್ಪತ್ರೆಗಳನ್ನು ಖಾಸಗಿಯ ಮೋಹದಲ್ಲಿ ನಾವು ಮರೆಯುವುದುಂಟು. ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಗಳೂ ಸೇರಿದ್ದು, ಅದಕ್ಕೊಳಪಟ್ಟ ಆಸ್ಪತ್ರೆಗಳಲ್ಲಿ 'ಆರೋಗ್ಯಮಿತ್ರ'ರನ್ನು ಕಂಡು ವಿಚಾರಿಸಬಹುದು.

ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಜೀವಮಾನವಿಡೀ ವಾರ್ಫರಿನ್ ಅಥವಾ ಅದೇ ಜಾತಿಯ ಮಾತ್ರೆ ಸೇವಿಸಿ, ಆಗಾಗ ಐ.ಎನ್.ಆರ್. ಪರೀಕ್ಷೆ ಮಾಡಿಸಬೇಕು. ಸೊಪ್ಪುಗಳಲ್ಲಿರುವ ಕೆ ಜೀವಸತ್ವ ಈ ಮಾತ್ರೆಯ ಬಲವನ್ನು ತಗ್ಗಿಸುತ್ತದೆ. ಬಸಳೆ, ಹರಿವೆ, ನುಗ್ಗೆಸೊಪ್ಪು ಬಿಡಬೇಕೆಂದಲ್ಲ. ಪ್ರತಿ ವಾರ ಹೆಚ್ಚು ಕಡಿಮೆ ಅಷ್ಟೇ ಪ್ರಮಾಣದಲ್ಲಿರಬೇಕು. ವರ್ಷವಿಡೀ ಸೊಪ್ಪು ಮುಟ್ಟದೆ ಆಟಿ ತಿಂಗಳಲ್ಲಿ ದಿನವೂ ಪತ್ರೊಡೆ ತಿಂದರೆ ಐ.ಎನ್.ಆರ್. ಏರುಪೇರಾಗುತ್ತದೆ. ಕೃತಕ ಕವಾಟವಿರುವವರು ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಅದನ್ನು ತಿಳಿಸಬೇಕು. ಬಾಯಿಯ ರೋಗಾಣು ರಕ್ತಕ್ಕಿಳಿದು ಕವಾಟದಲ್ಲಿ ಮನೆಮಾಡದಂತೆ ಅವರು ಮುಂಚಿತವಾಗಿ ಔಷಧ ಕೊಡುತ್ತಾರೆ.

ಪೆನಿಸಿಲಿನ್ ಚುಚ್ಚುಮದ್ದಿನಲ್ಲಿರುವ ಮಕ್ಕಳ ಹೆತ್ತವರಿಗೆ ಒಂದು ಮಾತು. ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದಾಗ ಮದುವೆ, ನೇಮ, ಪೂಜೆಗಳ ಸಡಗರದಲ್ಲಿ ಒಂದು ಚುಚ್ಚುಮದ್ದು ತಪ್ಪಿಹೋಗುವುದು ಸಾಮಾನ್ಯ. ಹೊರಡುವ ಮೊದಲು ಮುಂದಿನ ದಿನಾಂಕವನ್ನು ನೋಡಿಕೊಂಡು, ವೈದ್ಯರ ಚೀಟಿಯನ್ನೂ ಹಿಂದಿನ ಚುಚ್ಚುಮದ್ದುಗಳ ದಾಖಲೆಯನ್ನೂ ಜೊತೆಗೊಯ್ಯಿರಿ. ಔಷಧ ಅಲ್ಲಿ ದೊರೆಯುವುದೇ ಎಂದು ಊರಿನ ಸಮೀಪದ ಸರಕಾರಿ ಆಸ್ಪತ್ರೆಯಲ್ಲಿ ಮೊದಲೇ ಫೋನು ಮಾಡಿ ಕೇಳಿಕೊಳ್ಳಿರಿ. ಇಲ್ಲವೆಂದಾದರೆ ರೈಲಿನ ಟಿಕೇಟನ್ನು ಆ ದಿನಾಂಕ ನೋಡಿ ತೆಗೆಸಿರಿ.